ಬಾಗಿಲ ಮುಂದಿನ ಇಳಿಜಾರು

ಶಾಲೆಯ ಬಿಸಿಯೂಟದ ಪಾತ್ರೆಗಳನ್ನು ತೊಳೆದಿಟ್ಟು ಮಹಾನಂದಾ ಮೂರು ಗಂಟೆಗೆ ಮನೆಗೆ ಬಂದಾಗ ಅತ್ತೆ ಮಾವ ಇಬ್ಬರೂ ಅಂಗಳದ ನೆಲದ ಮೇಲೆ ಕುಳಿತಿದ್ದರು. ದಸರೆ ಮುಗಿದಿದ್ದರೂ ಬಿಸಿಲು ಚುರುಕಾಗಿಯೇ ಇತ್ತು. ಮಾವ ಧರ್ಮಣ್ಣನ ತಲೆಯ ಮೇಲೆ ಅತ್ತೆ ದ್ರೌಪದಿ ತನ್ನ ಸೆರಗಿನ ತುದಿ ಹೊದಿಸಿದ್ದಳು. ಪಕ್ಕದಲ್ಲಿ ತಂಬಿಗೆ ಉರುಳಿ ಬಿದ್ದಿತ್ತು.

“ಯಾಕ್ರಿ ಅತ್ತಿ, ಇಲ್ಯಾಕ ಕುಂತೀರಿ?”

“ಗಾಳಿ ತಗೋಳಾಕತ್ತೀವಿ,” ಎಂದಳು ದ್ರೌಪದಿ.

“ಇಂಥಾ ಬಿಸಲಾಗ?”

“ಮತ್ತೇನ್ ಮಾಡ್ಲಿ? ನಿಮ್ಮ ಮಾವ ಸಂಡಾಸಕ್ಕ ಹೋಗಿ ಬಂದ್ರು. ಪಾವಟಗಿ ಹತ್ತಲಾಕ ಆಗ್ಲಿಲ್ಲ, ಕುಂತುಬಿಟ್ರು. ಎಬ್ಬಸ್ಲಾಕ ಹೋಗಿ ನಾನೂ ಕುಂತೆ. ನನ್ನ ಮೊಣಕಾಲು ಮತ್ತ ಏಳಲಿಲ್ಲ.”

“ಎಷ್ಟೊತ್ತಾತು?”

“ಹನ್ನೊಂದರ ರೈಲು ಹೋಗಿತ್ತು ನೋಡು.”

“ಯವ್ವಾ! ಇಮಾಮ್ಬೀ ಕಾಕಿಗರೆ ಕೂಗಬಾರದಿತ್ತಾ? ಗ್ವಾಡಿ ಆಚಿಗೇ ಇರ್ತಾಳ.”

“ಕೂಗಿ ಏನಂತ ಹೇಳ್ಲಿ? ನನ್ನ ಗಂಡನ ಧೋತರ ಜಾರೇದ, ಬಂದು ನೋಡು ಬಾ ಅಂತ ಹೇಳ್ಲಾ?”

ಮಹಾನಂದಾ ಅತ್ತೆಯ ರಟ್ಟೆ ಹಿಡಿದು ಎಬ್ಬಿಸಿ ಕಟ್ಟೆಯ ಮೇಲೆ ಕೂಡಿಸಿದಳು. ಆಮೇಲೆ ಮಾವನ ಕಡೆಗೆ ಕೈ ಚಾಚಿದಳು. ಧರ್ಮಣ್ಣ ತನ್ನ ಬಲಗೈಯನ್ನು ಹಿಂದಕ್ಕೆಳೆದುಕೊಂಡ.

“ಬ್ಯಾಡ ಬಿಡವ್ವ. ಅಜಯ ಬರ್ಲಿ.”

ಇಪ್ಪತ್ತೆರಡು ವರ್ಷದಿಂದ ಆ ಮನೆಯ ಸೊಸೆ ಅವಳು. ಮಾವನಿಗೆ ನೀಡುವಾಗ ತಾಟನ್ನು ನೆಲದ ಮೇಲೆ ಸರಿಸಿ ಇಡುತ್ತಿದ್ದಳೇ ಹೊರತು ಕೈಗೆ ಕೈ ತಾಗಿಸಿದವಳಲ್ಲ. ಅವಳು ಗಂಡನಿಗೆ ಫೋನು ಮಾಡಿ, ಚಹ ಮಾಡಿ ತಂದು, ಮಾವನ ಮುಂದೆ ಇಟ್ಟು ದೂರ ನಿಂತಳು. ಅಜಯಕುಮಾರ ಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಯಿಂದ ಬರುವವರೆಗೆ ಧರ್ಮಣ್ಣ ಹಾಗೆಯೇ ನೆಲದಲ್ಲಿ ಕುಳಿತು ಚಹ ಕುಡಿದ.

ಧರ್ಮಣ್ಣನಿಗೆ ಲಕ್ವಾ ಹೊಡೆದು ಮೂರು ತಿಂಗಳಾಗಿತ್ತು. ಎಡಗೈ ಜೋತು ಬಿದ್ದಿತ್ತು. ಎಡಗಾಲು ಎಳೆದರೆ ಬರುತ್ತಿತ್ತು, ಎತ್ತಿದರೆ ಏಳುತ್ತಿರಲಿಲ್ಲ. ಐವತ್ತು ವರ್ಷ ಭಂಕೂರಿನ ಸುತ್ತಲಿನ ಗಣಿಗಳಲ್ಲಿ ಹಾಸುಗಲ್ಲು ಎಬ್ಬಿಸಿದ ಮನುಷ್ಯ ಅವನು. ಮನೆಯನ್ನೂ ತಾನೇ ಕಟ್ಟಿದ್ದ. ಗೋಡೆ ಕಲ್ಲು, ಮಾಳಿಗೆಗೆ ಹೊದಿಸಿದ್ದು ಕಲ್ಲು, ಅಂಗಳದ ಸುತ್ತ ನಿಲ್ಲಿಸಿದ್ದು ಕಲ್ಲು. ಎಲ್ಲವೂ ಗಣಿಯಲ್ಲಿ ಬೇಡವೆಂದು ಬಿಸಾಡಿದ ಒರಟು ತುಂಡುಗಳು. ಊರಿನವರಿಗಿಂತ ಒಂದು ಗೇಣು ಎತ್ತರವಿರಲಿ ಎಂದು ಕಟ್ಟೆಯನ್ನು ಎರಡು ಫೂಟು ಏರಿಸಿ ಹತ್ತಲು ಮೂರು ಪಾವಟಿಗೆ ಇಟ್ಟಿದ್ದ. ಸಂಡಾಸು ಅಂಗಳದ ಆ ಮೂಲೆಯಲ್ಲಿತ್ತು.

ಮುಂದಿನ ಭಾನುವಾರ ಮಗಳು ಗುಂಡಮ್ಮ ವಾಡಿಯಿಂದ ಬಂದಳು. ಅವಳ ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಇರುವುದು ಕ್ವಾರ್ಟರ್ಸಿನಲ್ಲಿ. ನರ್ಸಿಂಗ್ ಓದಲು ಕಲಬುರಗಿಯಲ್ಲಿದ್ದ ಅಜಯನ ಮಗಳು ಲುಂಬಿನಿಯೂ ಬಂದಿದ್ದಳು. ಎಲ್ಲರೂ ಪುಂಡಿಪಲ್ಲೆ, ರೊಟ್ಟಿ ಉಣ್ಣುತ್ತ ಕುಳಿತಾಗ ಗುಂಡಮ್ಮ ಮಾತು ತೆಗೆದಳು.

“ನೋಡು ಅಜಯ, ಸುತ್ತಿ ಬಳಸಿ ಹೇಳಂಗಿಲ್ಲ. ಒಂಬತ್ತರಿಂದ ಮೂರು ಗಂಟೆ ತನಕ ಮುದುಕರು ಇಬ್ಬರೇ ಇರ್ತಾರ. ಇವತ್ತ ಬಿಸಲಾಗ ಕುಂತಾರ, ನಾಳಿ ಬಿದ್ದು ಸಾಯ್ತಾರ. ನಮ್ಮ ಮನ್ಯಾಗ ಎರಡೇ ಖೋಲಿ. ಇಬ್ಬರಿಗೂ ನನಗ ಆಗಂಗಿಲ್ಲ. ಒಬ್ಬರಿಗಿ ಒಯ್ತೀನಿ. ಅವ್ವಗರೆ ಕಳಸು, ಅಪ್ಪಗರೆ ಕಳಸು.”

“ನಾವೇನು ರೊಟ್ಟಿ ಏನ, ಎರಡು ತುಂಡು ಮಾಡಿ ಹಂಚ್ಕೊಳ್ಳಾಕ?” ಎಂದಳು ದ್ರೌಪದಿ.

“ಅವ್ವ, ಸಿಟ್ಟಾಗಬ್ಯಾಡ. ಅಲ್ಲಿ ನೆಲ ಸಮ ಅದ, ಕಮೋಡ ಅದ.”

“ಕಮೋಡ ಇದ್ರ ನೀನೇ ಕೂಡು. ಐವತ್ತೈದು ವರ್ಷ ಆತು ನಾ ಈ ಮನುಷ್ಯನ ಸಂಗಾಟ ಬಂದು. ಅವರು ಉಂಡ ಮ್ಯಾಲ ನಾ ಉಂಡೀನಿ. ಈಗ ನೀ ವಾಡಿಯಾಗ ಕೂತು ಉಣ್ಣು ಅಂತಿ.”

ಗುಂಡಮ್ಮ ತಮ್ಮನ ಹೆಂಡತಿಯ ಕಡೆಗೆ ತಿರುಗಿದಳು. “ಮಹಾನಂದಾ, ನೀ ಏನರೆ ಹೇಳವ್ವ.”

“ನಾ ಏನ್ ಹೇಳ್ಲಿ ಅಕ್ಕ? ಶಾಲಿ ಬಿಟ್ಟು ಕೂಡು ಅಂದ್ರ ಕೂಡ್ತೀನಿ. ನಾ ಒಂದು ದಿನ ತಪ್ಪಿಸಿದ್ರ ಆ ಒಲಿ ಮುಂದ ಕೂಡ್ಲಾಕ ಇಪ್ಪತ್ತು ಮಂದಿ ಅದಾರ. ಕೂತ ಮ್ಯಾಲರೆ ಏನು? ಅತ್ತಿಗಿ ಹಿಡೀತೀನಿ. ಮಾವಗ ಹ್ಯಾಂಗ ಹಿಡೀಲಿ? ಅವರೇ ಬ್ಯಾಡ ಅಂತಾರ.”

ಧರ್ಮಣ್ಣ ತಲೆ ಎತ್ತಲಿಲ್ಲ. ಒಂದೇ ಕೈಯಿಂದ ರೊಟ್ಟಿ ಮುರಿಯಲು ಬಾರದೆ ತಾಟಿನ ಅಂಚಿಗೆ ಒತ್ತಿ ಮುರಿಯುತ್ತಿದ್ದ. ದ್ರೌಪದಿ ಕೈ ಚಾಚಿ ಮುರಿದು ಹಾಕಿದಳು.

“ಯಾರೂ ಎಲ್ಲಿಗೂ ಹೋಗೋದು ಬ್ಯಾಡ,” ಎಂದಳು ಲುಂಬಿನಿ. “ಮನಿನೇ ಬದಲಾ ಮಾಡಣ. ಮೂರು ಕೆಲಸ ಅದ. ಪಾವಟಗಿ ಮ್ಯಾಲ ರ‍್ಯಾಂಪ್, ಅಲ್ಲಿಂದ ಸಂಡಾಸದ ತನಕ ಹಿಡಕೊಳ್ಳಾಕ ಪೈಪ್, ಒಳಗ ಎತ್ತರದ ಕುರ್ಚಿ. ಮುತ್ಯಾಗ ಯಾರೂ ಹಿಡಿಯೋದೇ ಬ್ಯಾಡ.”

“ರ‍್ಯಾಂಪ್ ಅಂದ್ರ?” ಎಂದಳು ದ್ರೌಪದಿ.

“ದವಾಖಾನಿದಾಗ ಗಾಲಿ ಕುರ್ಚಿ ಒಯ್ಯಾಕ ಇರ್ತಾದಲ್ಲ ಆಯಿ, ಇಳಿಜಾರು.”

“ಜಾರಬಂಡಿ!” ಎಂದ ಧರ್ಮಣ್ಣ. ಅಷ್ಟು ಹೊತ್ತಿನಲ್ಲಿ ಅವನು ಆಡಿದ್ದು ಅದೊಂದೇ ಮಾತು. ಎಲ್ಲರೂ ನಕ್ಕರು.

ಗುಂಡಮ್ಮ ಮಾತ್ರ ನಗಲಿಲ್ಲ. “ಮಾಡ್ರಿ. ಒಂದು ಸಲ ನೋಡಣ. ಆಗ್ಲಿಲ್ಲ ಅಂದ್ರ ನಾ ಮತ್ತ ಕೇಳಂಗಿಲ್ಲ, ಬಂದು ಒಬ್ಬರಿಗಿ ಒಯ್ತೀನಿ.”

ಕೆಲಸ ಸುರುವಾಗುವ ಮೊದಲೇ ಜಗಳ ಸುರುವಾಯಿತು. ಲುಂಬಿನಿ ಅಳತೆಪಟ್ಟಿ ಹಿಡಿದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು.

“ಅಪ್ಪಾ, ಒಂದು ಫೂಟು ಏರಕ್ಕ ಹನ್ನೆರಡು ಫೂಟು ಉದ್ದ ಬೇಕು. ನಮ್ಮ ಕಟ್ಟಿ ಎರಡು ಫೂಟು.”

“ಅಂದ್ರ ಇಪ್ಪತ್ನಾಲ್ಕು ಫೂಟು. ಅಂಗಳ ಇರೋದೇ ಹದಿನಾಲ್ಕು. ನಿನ್ನ ರ‍್ಯಾಂಪ್ ಇಮಾಮ್ಬೀ ಮನಿ ಒಲಿ ತನಕ ಹೋಗ್ತದ,” ಎಂದ ಅಜಯ.

“ಮಡಚಬಹುದಲ್ಲ? ಹೀಂಗ ಹೋಗಿ ಹೀಂಗ ತಿರುಗಿ ಬರ್ತದ.”

“ತಿರುಗಿಸಿದ್ರ ನನ್ನ ಗಾಡಿ ಎಲ್ಲಿ ಹಚ್ಚಲಿ? ರಸ್ತಾದಾಗ?”

“ಗಾಡಿ ದೊಡ್ಡದೋ ಮುತ್ಯಾ ದೊಡ್ಡವನೋ?”

“ಆ ಗಾಡಿ ಮ್ಯಾಲೇ ದಿನಾ ದುಡೀಲಿಕ್ಕೆ ಹೋಗ್ತೀನವ್ವ. ಹತ್ತು ಫೂಟು ಸಾಕು. ನಮ್ಮಪ್ಪ ಖಣಿ ಒಳಗ ಇದರಕಿಂತ ಕಡಿದಾದಲ್ಲಿ ಇಳಿದು ಹತ್ಯಾನ.”

“ಆಗ ಎರಡು ಕಾಲಿದ್ದವು,” ಎಂದ ಧರ್ಮಣ್ಣ ಒಳಗಿನಿಂದ.

ಆದರೂ ಹತ್ತು ಫೂಟೇ ಆಯಿತು. ಎರಡನೆಯ ಜಗಳ ಕಲ್ಲಿನದು. ಅಜಯ ದುಡಿಯುವ ಫ್ಯಾಕ್ಟರಿಯಲ್ಲಿ ಅಂಚು ಒಡೆದ ಪಾಲಿಶ್ ಕಲ್ಲುಗಳು ಬಿದ್ದಿದ್ದವು. ಮಾಲೀಕನನ್ನು ಕೇಳಿ ಅವನು ಎಂಟು ಕಲ್ಲು ತಂದ. ನೀಲಿ ಬಣ್ಣದವು, ಮುಖ ಕಾಣುವಂಥವು. ಅಂಗಳದಲ್ಲಿ ಇಳಿಸಿದಾಗ ದ್ರೌಪದಿ ಬಗ್ಗಿ ಕೈಯಾಡಿಸಿದಳು.

“ಒರಟು ಕಲ್ಲು ಹಾಕ್ರಿ,” ಎಂದಳು ಲುಂಬಿನಿ. “ಇದು ಜಾರ್ತದ.”

“ಏ ಹುಡುಗಿ, ಸುಮ್ ಕೂಡು,” ಎಂದಳು ದ್ರೌಪದಿ. “ನಿಮ್ಮ ಮುತ್ಯಾ ಎಬ್ಬಿಸಿದ ಕಲ್ಲು ಹೈದರಾಬಾದದಾಗ ಸಾವುಕಾರ ಮಂದಿ ಮನ್ಯಾಗ ಕನ್ನಡಿ ಆಗಿ ಕುಂತಾವ. ಎಬ್ಬಿಸಿದವರ ಮನ್ಯಾಗ ಮಾತ್ರ ಕಾಲಿಗಿ ಚುಚ್ಚೋ ಕಲ್ಲು. ಬೀಗರು ಬಂದ್ರ ಒಂದಿಷ್ಟು ನೋಡ್ಲಿ.”

“ಹಂಗಾದ್ರ ಮಗುಚಿ ಹಾಕ್ರಿ ಆಯಿ. ಪಾಲಿಶ್ ಕೆಳಗ, ಒರಟು ಮ್ಯಾಲ.”

ಗೌಂಡಿ ರಾಮಲಿಂಗ ಕರಣಿ ಕೆಳಗಿಟ್ಟು ಅವಳನ್ನೇ ನೋಡಿದ. “ತಂಗಿ, ಈ ಊರಾಗ ಪಾಲಿಶ್ ಕಲ್ಲು ಬೋರಲು ಹಾಕಿದ್ರ ನನಗ ಯಾರರೆ ಗೌಂಡಿ ಅಂತಾರೇನ? ನಾಳಿಂದ ನನ್ನ ಕೈಯಾಗ ಕರಣಿ ಕೊಡಂಗಿಲ್ಲ ಮಂದಿ.”

“ಹಗಲೆಲ್ಲ ಮಷೀನ್ ಹಿಡಿದು ನಾ ಹೊಳಪು ಬರಸ್ತೀನಿ,” ಎಂದ ಅಜಯ. “ಅದನ್ನ ಮಣ್ಣಾಗ ಮುಚ್ಚು ಅಂತಿ. ನೀ ಏನಂತೀಯಪ್ಪ?”

ಧರ್ಮಣ್ಣ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಕಲ್ಲುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. “ಹೊಳಪು ಮ್ಯಾಲೇ ಇರ್ಲಿ,” ಎಂದ.

ನಾಲ್ಕು ದಿನದಲ್ಲಿ ಇಳಿಜಾರು ಮುಗಿಯಿತು. ಸಂಡಾಸಿನವರೆಗೆ ಪೈಪು ನಿಂತಿತು. ಅಜಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಸಂಡಾಸಿನೊಳಗೆ ಇಟ್ಟ. ಮೊದಲ ದಿನ ಧರ್ಮಣ್ಣ ಪೈಪು ಹಿಡಿದು ಒಬ್ಬನೇ ಹೋದ. ಎಲ್ಲರೂ ಬಾಗಿಲಲ್ಲಿ ನಿಂತರು. ಹತ್ತು ನಿಮಿಷವಾಯಿತು, ಹದಿನೈದಾಯಿತು. ಮುದುಕ ಬರಲಿಲ್ಲ.

“ಅಪ್ಪಾ, ಆತೇನು?”

“ಯಾವಾಗೋ ಆಗ್ಯಾದ.”

“ಮತ್ತ ಬಾ.”

“ಹ್ಯಾಂಗ ಬರ್ಲಿ? ಪೈಪ್ ಎಡಕ್ಕದ.”

ಹೋಗುವಾಗ ಬಲಕ್ಕಿದ್ದ ಪೈಪು ಬರುವಾಗ ಸತ್ತ ಕೈಯ ಕಡೆಗೆ ಬಿದ್ದಿತ್ತು. ಅದು ಯಾರಿಗೂ ಹೊಳೆದಿರಲಿಲ್ಲ, ನರ್ಸಿಂಗ್ ಓದುವವಳಿಗೂ ಹೊಳೆದಿರಲಿಲ್ಲ. ಅಜಯ ನಗುತ್ತ ಹೋಗಿ ಕರೆತಂದ. ವಾರದೊಳಗೆ ಇನ್ನೊಂದು ಕಡೆಗೂ ಒಂದು ಪೈಪು ನಿಂತಿತು.

ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಮಾತು ಸ್ವಲ್ಪ ಮೆತ್ತಗಾಯಿತು. ಮಹಾನಂದಾ ಒಂಬತ್ತಕ್ಕೆ ಹಿಂದೆ ಮುಂದೆ ನೋಡದೆ ಶಾಲೆಗೆ ಹೊರಟಳು. ಧರ್ಮಣ್ಣ ದಿನಕ್ಕೆ ಎರಡು ಸಲ, ಮೂರು ಸಲ ಒಬ್ಬನೇ ಹೋಗಿ ಬಂದ. ಕೆಲಸವಿಲ್ಲದಿದ್ದರೂ ಒಮ್ಮೊಮ್ಮೆ ಕೆಳಗಿಳಿದು, ನಿಂತು, ಮೇಲೆ ಹತ್ತಿದ. ಇಮಾಮ್ಬೀ ಆಚೆಯ ಮನೆಯಿಂದ ಬಂದು ನೋಡಿ, “ಕ್ಯಾ ಬಾತ್ ಹೈ ದ್ರೌಪದಿ, ನಿಮ್ಮ ಮನಿ ಮುಂದ ಬಂಗ್ಲೆ ಥರ ಆಗ್ಯಾದ,” ಎಂದಳು. ದ್ರೌಪದಿಗೆ ಅದು ದಿನವಿಡೀ ಸಾಕಾಯಿತು.

ಪಾಲಿಶ್ ಕಲ್ಲಿನ ಮೇಲೆ ಧೂಳು ಬೇಗ ಕಾಣುತ್ತದೆ. ಭಂಕೂರಿನಲ್ಲಿ ಧೂಳಿಗೆ ಬರವಿಲ್ಲ. ಮೊದಲಿನ ಒರಟು ಪಾವಟಿಗೆಯನ್ನು ವಾರಕ್ಕೊಮ್ಮೆ ಗುಡಿಸುತ್ತಿದ್ದ ದ್ರೌಪದಿ ಈಗ ದಿನಾ ಮುಂಜಾನೆ ಬಕೆಟ್ಟು, ಪೊರಕೆ ಹಿಡಿದಳು.

“ಅತ್ತಿ, ದಿನಾ ಯಾಕ ತೊಳೀತೀರಿ? ಗುಡಿಸಿದ್ರ ಸಾಕಲ್ಲ,” ಎಂದಳು ಮಹಾನಂದಾ.

“ಗುಡಿಸಿದ್ರ ಬೆಳ್ಳಗ ಉಳೀತದ. ತೊಳೆದ್ರ ನೋಡು, ಹ್ಯಾಂಗ ಎದ್ದು ಬರ್ತದ ನೀಲಿ.”

“ನಾ ಬಂದು ತೊಳೀತೀನಿ.”

“ನೀ ಶಾಲಿ ಪಾತ್ರಿ ತೊಳೆದು ಬರ್ತಿ, ಮನಿ ಪಾತ್ರಿ ತೊಳೀತಿ, ಇದನ್ನೂ ತೊಳೀತಿಯಾ? ಇಷ್ಟರೆ ನನಗ ಬಿಡು.”

ಡಿಸೆಂಬರಿನ ಒಂದು ಮಂಗಳವಾರ, ಮಗ ಸೊಸೆ ಇಬ್ಬರೂ ಹೊರಟುಹೋದ ಮೇಲೆ, ದ್ರೌಪದಿ ಮೇಲಿನಿಂದ ಕೆಳಗೆ ತೊಳೆಯುತ್ತ ಬಂದಳು. ಒಂದು ಕೈಯಲ್ಲಿ ಬಕೆಟ್ಟು, ಒಂದು ಕೈಯಲ್ಲಿ ಪೊರಕೆ. ಪೈಪುಗಳು ಎರಡೂ ಕಡೆ ಇದ್ದವು. ಅವು ಗಂಡನಿಗಾಗಿ ಹಾಕಿದವು. ತಾನೂ ಹಿಡಿಯಬಹುದೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಡುವಿನ ಕಲ್ಲಿಗೆ ಬಂದಾಗ ಕಾಲು ಜಾರಿಹೋಯಿತು.

ಧರ್ಮಣ್ಣ ಬಕೆಟ್ಟು ಉರುಳಿದ ಸದ್ದು ಕೇಳಿ ಬಾಗಿಲಿಗೆ ಬಂದ. ಹೆಂಡತಿ ಕೆಳಗೆ ಬಿದ್ದಿದ್ದಳು. ಬಲಗಾಲು ಹೊರಕ್ಕೆ ತಿರುಚಿಕೊಂಡಿತ್ತು. ಇಬ್ಬರ ನಡುವೆ ಹತ್ತು ಫೂಟು ಹಸಿ ಕಲ್ಲಿತ್ತು.

“ಬರಬ್ಯಾಡ್ರಿ,” ಎಂದಳು ಅವಳು. “ಹಸಿ ಅದ. ನೀವು ಬರಬ್ಯಾಡ್ರಿ.”

ಅವನು ಒಂದು ಕಾಲಿಟ್ಟ, ಹಿಂದಕ್ಕೆ ತೆಗೆದ. ಚೌಕಟ್ಟು ಹಿಡಿದು ನಿಂತು “ಇಮಾಮ್ಬೀ, ಇಮಾಮ್ಬೀ” ಎಂದು ಕೂಗಿದ. ಲಕ್ವಾ ಹೊಡೆದ ಬಾಯಿಯಿಂದ ಹೆಸರು ಸರಿಯಾಗಿ ಹೊರಡಲಿಲ್ಲ. ಇಮಾಮ್ಬೀ ಕೇಳಿಸಿಕೊಂಡು ಬರುವ ಹೊತ್ತಿಗೆ ಕಲ್ಲು ಒಣಗತೊಡಗಿತ್ತು. ಇಮಾಮ್ಬೀಯ ಮಗ ತಾರೀಕ ತನ್ನ ಆಟೋದ ಹಿಂದಿನ ಸೀಟಿನಲ್ಲಿ ದ್ರೌಪದಿಯನ್ನು ಮಲಗಿಸಿ ಶಹಾಬಾದಿಗೆ ಒಯ್ದ. ಅಲ್ಲಿಂದ ಕಲಬುರಗಿಗೆ ಕಳಿಸಿದರು.

ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಮಾಡಿ ಸಲಾಕೆ ಹಾಕಿದರು. ಮೂರು ತಿಂಗಳು ಕಾಲಿನ ಮೇಲೆ ಭಾರ ಬಿಡಬಾರದು, ನೆಲಕ್ಕೆ ಕೂಡಬಾರದು, ಎಬ್ಬಿಸಿ ಕೂಡಿಸಲು ಒಬ್ಬರು ಬೇಕೇ ಬೇಕು ಎಂದು ಡಾಕ್ಟರು ಹೇಳಿದರು. ದವಾಖಾನೆಯ ಹೊರಗಿನ ಬೇವಿನ ಮರದ ಕೆಳಗೆ ಮನೆಯವರು ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಕುಳಿತಿದ್ದರು. ತಿನ್ನುವುದಕ್ಕಿಂತ ಜಗಳವೇ ಹೆಚ್ಚಾಯಿತು.

“ನಾ ಹೇಳಿದ್ದೆ,” ಎಂದಳು ಲುಂಬಿನಿ. “ಮಗುಚಿ ಹಾಕ್ರಿ ಅಂತ ಹೇಳಿದ್ದೆ. ಯಾರೂ ಕೇಳ್ಲಿಲ್ಲ.”

“ಈಗ ನಿನ್ನದೇ ಗೆಲುವು ಬಿಡು,” ಎಂದ ಅಜಯ.

“ಗೆಲುವು ಅಂತ ಹೇಳ್ಲಿಕತ್ತಿಲ್ಲಪ್ಪಾ ನಾ.”

“ಮತ್ತೇನ್ ಹೇಳ್ಲಿಕತ್ತಿ? ನಮ್ಮವ್ವಗ ನಾ ಕೆಡವಿದೆ ಅಂತಲ್ಲಾ? ಹೂಂ, ಕೆಡವಿದೆ. ಕಲ್ಲು ತಂದಾವ ನಾ, ಪಾಲಿಶ್ ಹೊಡೆದಾವ ನಾ.”

“ಒದರಬ್ಯಾಡ್ರಿ, ಮಂದಿ ನೋಡ್ತಾರ,” ಎಂದಳು ಮಹಾನಂದಾ. “ದಿನಾ ತೊಳೀಬ್ಯಾಡ್ರಿ ಅಂತ ನಾನೂ ಹೇಳಿದ್ದೆ. ಹೇಳಿದವರೇ ಎಲ್ಲರೂ. ಹಿಡಿದವರು ಒಬ್ಬರೂ ಇಲ್ಲ.”

ಗುಂಡಮ್ಮ ರೊಟ್ಟಿ ಮಡಚಿ ಗಂಟಿನಲ್ಲಿ ಇಟ್ಟಳು. “ಯಾರದೂ ತಪ್ಪಿಲ್ಲ. ಅವ್ವಗ ಇಲ್ಲಿಂದ ಸೀದಾ ನಮ್ಮ ಮನಿಗಿ ಒಯ್ತೀನಿ.”

“ಒಂದು ಸಲ ಮನಿಗಿ ಬರ್ಲಿ ಅಕ್ಕ. ಅಪ್ಪ ಕಾಯ್ಲಿಕತ್ತಾನ.”

“ಬಂದು? ಸ್ಟ್ರೆಚರ್ ಮ್ಯಾಲ ಆ ಕಲ್ಲು ಹತ್ತಿಸ್ತಿಯಾ? ಮುಂಜಾನಿ ಒಂಬತ್ತಕ್ಕ ಯಾರಿರ್ತಾರ ಹೇಳು. ನೀ ಇರ್ತಿಯಾ? ಮಹಾನಂದಾ ಇರ್ತಾಳಾ?”

ಮಹಾನಂದಾ ಗಂಟು ಬಿಗಿದು ಕಟ್ಟಿದಳು. ಎಂಟು ದಿನ ಅವಳ ಬದಲು ಬೇರೆಯವಳು ಶಾಲೆಯ ಒಲೆ ಹಚ್ಚಿದ್ದಳು. ಒಂಬತ್ತನೆಯ ದಿನ ಬರದಿದ್ದರೆ ಬರುವುದೇ ಬೇಡ ಎಂದು ಹೇಳಿಕಳಿಸಿದ್ದರು.

ದ್ರೌಪದಿಯನ್ನು ಕೇಳಿದಾಗ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. “ಮೂರು ತಿಂಗಳು ಅಷ್ಟೇ,” ಎಂದಳು. “ಬರ್ದು ಕೊಡ್ರಿ ಬೇಕಾದ್ರ. ಮೂರು ತಿಂಗಳು. ಆ ಮ್ಯಾಲ ನನ್ನ ಮನಿಗಿ.”

ಅವಳು ವಾಡಿಗೆ ಹೋದ ಮೇಲಿನ ಮೊದಲ ಭಾನುವಾರ ಅಜಯ ಉಳಿ, ಸುತ್ತಿಗೆ ತಂದು ಇಳಿಜಾರಿನ ಮೇಲೆ ಕುಳಿತ. ಹೊಳಪಿನ ಮೇಲೆ ಹೊಡೆದು ಹೊಡೆದು ಒರಟು ಮಾಡಬೇಕೆಂದಿದ್ದ. ಮಷೀನಿನ ಮುಂದೆ ನಿಂತು ರೂಢಿಯಾದವನು, ಉಳಿ ಹಿಡಿದವನಲ್ಲ. ಮೊದಲ ಏಟಿಗೇ ಕಲ್ಲಿನ ಮೂಲೆ ಹಾರಿತು.

“ಉಳಿ ನೆಟ್ಟಗ ಹಿಡೀಬ್ಯಾಡ. ಓರೆ ಹಿಡಿ,” ಎಂದ ಧರ್ಮಣ್ಣ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು.

“ಹಿಡೀಲಿಕತ್ತೀನಲ್ಲಪ್ಪ.”

“ಅದು ಹಿಡಿಯೋದಾ? ಚಮಚ ಹಿಡಿದಂಗ ಹಿಡಿದೀದಿ.”

“ನೀ ಕಲಸಿದ್ದಿಲ್ಲ ನನಗ.”

“ಖಣಿಗಿ ಬರಬ್ಯಾಡ ಅಂತ ಶಾಲಿಗಿ ಹಾಕಿದ್ದೆ. ನಿಧಾನ ಹೊಡಿ. ಕಲ್ಲಿನ ಮ್ಯಾಲ ಸಿಟ್ಟಿದ್ರ ಒಡೀತದ.”

ರಸ್ತೆಯಲ್ಲಿ ಹೋಗುತ್ತಿದ್ದ ಫ್ಯಾಕ್ಟರಿಯ ಗೆಳೆಯ ಅಣವೀರ ಸೈಕಲ್ಲು ನಿಲ್ಲಿಸಿದ. “ಏ ಅಜಯ, ತಲಿ ಕೆಟ್ಟದೇನೋ? ಪಾಲಿಶ್ ಆದ ಕಲ್ಲಿಗಿ ಯಾರರೆ ಉಳಿ ಹೊಡೀತಾರಾ?”

“ನಿನ್ನ ಕೆಲಸ ನೋಡ್ಕೊಂಡು ಹೋಗಪಾ,” ಎಂದ ಅಜಯ ತಲೆ ಎತ್ತದೆ.

ನಾಲ್ಕು ಭಾನುವಾರ ಬೇಕಾಯಿತು. ಎಂಟು ಕಲ್ಲಿನ ಮುಖಕ್ಕೂ ಸಿಡುಬು ಎದ್ದಂತಾಯಿತು. ಒಂದು ಕಲ್ಲು ಸೀಳಿತು. ಅದಕ್ಕೆ ಸಿಮೆಂಟು ತುಂಬಿದರು. ಪೈಪುಗಳನ್ನು ಒಂದು ಗೇಣು ತಗ್ಗಿಸಿದರು, ದ್ರೌಪದಿ ಗಿಡ್ಡ ಎಂದು. ಅಡುಗೆಮನೆಯ ಒಲೆಯನ್ನು ಕುರ್ಚಿಯಲ್ಲಿ ಕುಳಿತೇ ರೊಟ್ಟಿ ಬಡಿಯುವಂತೆ ಕಟ್ಟೆ ಕಟ್ಟಿ ಮೇಲಿಟ್ಟರು. ಕೊನೆಗೆ ಅಜಯ ಗಾಡಿಯನ್ನು ಇಮಾಮ್ಬೀಯ ಅಂಗಳದಲ್ಲಿ ನಿಲ್ಲಿಸಲು ಸುರು ಮಾಡಿದ. ಲುಂಬಿನಿ ಮೊದಲು ಹೇಳಿದಂತೆ ಇಳಿಜಾರನ್ನು ಮಡಚಿ ಕಟ್ಟಲು ಈಗ ಜಾಗವಿತ್ತು. ಆದರೆ ರಾಮಲಿಂಗ ಸೇಡಂ ಕಡೆಗೆ ಕೆಲಸಕ್ಕೆ ಹೋಗಿದ್ದ.

ಧರ್ಮಣ್ಣ ಆ ಮೂರು ತಿಂಗಳು ಹಗಲಿಡೀ ಒಬ್ಬನೇ ಇದ್ದ. ಮಹಾನಂದಾ ಮುರಿದಿಟ್ಟು ಹೋದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ತಿಂದ. ಸಂಜೆ ವಾಡಿಯಿಂದ ಫೋನು ಬರುತ್ತಿತ್ತು.

“ಉಂಡ್ರಿ?”

“ಹೂಂ. ನೀ?”

“ಉಂಡೆ. ಇಲ್ಲಿ ಅನ್ನನೇ ಭಾಳ. ಹುಡುಗರು ರೊಟ್ಟಿ ತಿನ್ನಂಗಿಲ್ಲ. ಕಾಲು ಎಳಕೊಂತ ನಡೀಲಿಕತ್ತೀರಿಲ್ಲ?”

“ನಡೀಲಿಕತ್ತೀನಿ.”

“ಒಬ್ಬರೇ?”

“ಒಬ್ಬನೇ.”

ಅದಕ್ಕಿಂತ ಹೆಚ್ಚು ಅವರಿಬ್ಬರೂ ಮಾತಾಡುತ್ತಿರಲಿಲ್ಲ.

ಮಾರ್ಚಿನಲ್ಲಿ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ ಎಲುಬು ಕೂಡಿದೆ, ವಾಕರ್ ಹಿಡಿದು ನಡೆಯಲಿ ಎಂದರು. ಗುಂಡಮ್ಮ ಇನ್ನೂ ಒಂದು ತಿಂಗಳು ಇರು ಎಂದಳು. ದ್ರೌಪದಿ ಕೇಳಲಿಲ್ಲ. ಸೀರೆಗಳನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಭಂಕೂರಿನಿಂದ ತಾರೀಕನ ಆಟೋವನ್ನೇ ಕಳಿಸಿದರು. ಭಾನುವಾರವಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಮಹಾನಂದಾ ಮುಂಜಾನೆಯೇ ಹೋಳಿಗೆಗೆ ಬೇಳೆ ಇಟ್ಟಿದ್ದಳು. ಧರ್ಮಣ್ಣ ಗಡ್ಡ ತೆಗೆಸಿಕೊಂಡು, ಹಸನಾದ ಧೋತರ ಉಟ್ಟು ಬಾಗಿಲ ಕುರ್ಚಿಯ ಮೇಲೆ ಕುಳಿತಿದ್ದ.

ಆಟೋ ಅಂಗಳದೊಳಗೇ ಬಂದು ನಿಂತಿತು. ಗುಂಡಮ್ಮನ ಜೊತೆ ಬಂದ ದ್ರೌಪದಿ ಇಳಿದು ವಾಕರ್ ಹಿಡಿದು ನಿಂತಳು. ಮೈ ಅರ್ಧವಾಗಿತ್ತು. ಗಂಡನನ್ನು ನೋಡಿ, “ತೆಳ್ಳಗಾಗೀರಿ,” ಎಂದಳು.

“ನೀ ಏನು ದಪ್ಪಗಾಗೀದಿ?” ಎಂದ ಅವನು.

ಎಲ್ಲರೂ ನಕ್ಕರು. ಅಜಯ ಇಳಿಜಾರು ತೋರಿಸಿದ. “ಅವ್ವ, ನೋಡು. ಎಲ್ಲಾ ಒರಟು ಮಾಡೀವಿ. ಈಗ ಎಣ್ಣಿ ಸುರುವಿದ್ರೂ ಜಾರಂಗಿಲ್ಲ. ಕಾಲಿಟ್ಟು ನೋಡು.”

ದ್ರೌಪದಿ ವಾಕರನ್ನು ಮೊದಲ ಕಲ್ಲಿನ ಮೇಲೆ ಇಟ್ಟಳು. ಒಂದು ಕಾಲು ಎತ್ತಲು ನೋಡಿದಳು. ಏಳಲಿಲ್ಲ. ಇನ್ನೊಂದನ್ನು ಎತ್ತಲು ನೋಡಿದಳು. ವಾಕರ್ ಟಕಟಕ ಸದ್ದು ಮಾಡಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು.

“ಆಯಿ, ನಾ ಹಿಂದ ನಿಂತೀನಿ. ಹೆದರಬ್ಯಾಡ,” ಎಂದಳು ಲುಂಬಿನಿ.

ಮತ್ತೊಮ್ಮೆ ಇಟ್ಟಳು. ಹಣೆಯ ಮೇಲೆ ಬೆವರು ಬಂತು. “ಆಗಂಗಿಲ್ಲ ನನಗ. ನೋಡಿದ್ರನೇ ಮತ್ತ ಬಿದ್ದಂಗ ಆಗ್ತದ.”

“ಅದಕ್ಕೇನವ್ವ, ನಾ ಎತ್ಕೊಂಡು ಒಯ್ತೀನಿ,” ಎಂದು ಅಜಯ ಮುಂದೆ ಬಂದ.

“ನಿಂದ್ರು,” ಎಂದಳು ದ್ರೌಪದಿ. “ಇವತ್ತ ನೀ ಎತ್ತತಿ. ನಾಳಿ ಸೋಮವಾರ. ಒಂಬತ್ತು ಗಂಟೇಕ ನನಗ ಸಂಡಾಸಕ್ಕ ಬಂದ್ರ ಯಾರು ಎತ್ತತಾರ?”

ಮಹಾನಂದಾ ಒಲೆಯ ಮೇಲೆ ಹೋಳಿಗೆ ಇದೆ ಎಂದು ಒಳಗೆ ಹೋದಳು. ಗುಂಡಮ್ಮ ಅಂಗಳದ ಕಲ್ಲಿಗೆ ಒರಗಿ ನಿಂತಳು.

ದ್ರೌಪದಿ ತಾರೀಕನ ಕೈ ಹಿಡಿದು ಮತ್ತೆ ಆಟೋದಲ್ಲಿ ಕುಳಿತಳು. ಮಹಾನಂದಾ ತಾಟಿನಲ್ಲಿ ಎರಡು ಹೋಳಿಗೆ, ತುಪ್ಪ ಹಾಕಿಕೊಂಡು ಬಂದಳು. ದ್ರೌಪದಿ ಒಂದನ್ನು ತಿಂದಳು.

“ಚಲೋ ಆಗ್ಯಾವ. ಬ್ಯಾಳಿ ಹದಾ ಬಂದದ.”

“ಒಳಗ ಒಲಿ ಕಟ್ಟಿ ಕಟ್ಟೀವಿ ಅತ್ತಿ. ನಿಮಗ ಅಂತ.”

“ನೀನೇ ರೊಟ್ಟಿ ಬಡಿ ಅದರ ಮ್ಯಾಲ. ನಿನಗೂ ನಡ ನೋವಾಗೋ ವಯಸ್ಸು ಬರ್ತದ.” ತಾಟು ವಾಪಸು ಕೊಟ್ಟಳು. “ನನ್ನ ಟ್ರಂಕ್ ತಂದು ಇಡ್ರಿ. ಚಳಿ ಚಾದರ ಅದರಾಗ ಉಳದದ. ಕೌದಿನೂ ಕೊಡ್ರಿ.”

“ಅವ್ವ, ಟ್ರಂಕ್ ಯಾಕ?” ಎಂದ ಅಜಯ.

“ತಾ ಅಂದ್ರ ತಾ.”

ಅಜಯ ಟ್ರಂಕನ್ನು ಹೆಗಲ ಮೇಲೆ ಹೊತ್ತು ಇಳಿಜಾರಿನಲ್ಲಿ ಸಲೀಸಾಗಿ ಇಳಿದು ಬಂದು ಆಟೋದಲ್ಲಿ ಇಟ್ಟ. ಲುಂಬಿನಿ ಕೌದಿ ತಂದಳು. ಗುಂಡಮ್ಮ ತಾಯಿಯ ಪಕ್ಕ ಹತ್ತಿ ಕುಳಿತಳು.

ಅಷ್ಟರಲ್ಲಿ ಧರ್ಮಣ್ಣ ಕುರ್ಚಿಯಿಂದ ಎದ್ದಿದ್ದ. ಬಲಗೈಯಿಂದ ಪೈಪು ಹಿಡಿದು, ಎಡಗಾಲು ಎಳೆಯುತ್ತ, ಒಂದೊಂದೇ ಕಲ್ಲು ದಾಟಿ ಕೆಳಗೆ ಬಂದ. ಯಾರೂ ಹಿಡಿಯಲಿಲ್ಲ, ಹಿಡಿಯಬೇಕಾಗಲೂ ಇಲ್ಲ. ಪೈಪು ಸಂಡಾಸಿನ ಕಡೆಗೆ ತಿರುಗುವಲ್ಲಿ ನಿಂತ. ಆಟೋ ಅಲ್ಲಿಂದ ಮೂರು ಹೆಜ್ಜೆ ಇತ್ತು.

“ಚಂದ ಇಳದ್ರಿ,” ಎಂದಳು ದ್ರೌಪದಿ.

“ಯಾವಾಗ ಬರ್ತಿ?”

“ನೀವೇ ಬರ್ರಿ ವಾಡಿಗಿ, ಒಂದೆರಡು ದಿನ.”

“ಆಟೋ ಎತ್ತರ ಅದ. ನನಗ ಹತ್ತಲಾಕ ಬರಂಗಿಲ್ಲ.”

“ಹೌದು,” ಎಂದಳು ಅವಳು. “ಎತ್ತರ ಅದ.”

ತಾರೀಕ ಕನ್ನಡಿಯಲ್ಲಿ ನೋಡಿ ಕೇಳಿದ, “ಹೊಂಡ್ಲೇನ್ರಿ ಕಾಕಿ?”

ದ್ರೌಪದಿ ಕೌದಿಯನ್ನು ಮಡಿಲಿಗೆ ಎಳೆದುಕೊಂಡಳು. ಧರ್ಮಣ್ಣ ಪೈಪು ಬಿಟ್ಟು ಮುಂದೆ ಒಂದು ಹೆಜ್ಜೆ ಇಡಲು ನೋಡಿ, ಮತ್ತೆ ಅದನ್ನೇ ಹಿಡಿದುಕೊಂಡ.

“ಹೊಂಡಪ್ಪ,” ಎಂದಳು ಅವಳು. “ಅವರು ಬಿಸಲಾಗ ನಿಂತಾರ.”